ಉಡಿ ತುಂಬದೆ ಹೋದ ಗೊಂಬೆ

ಹೋದ ಕಾರ್ತಿಕದ ಎರಡನೇ ಭಾನುವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಬಾಗಲಕೋಟೆಯ ನವನಗರದಲ್ಲಿ ನಡೆದ ಹವ್ಯಾಸಿಗಳ ಪ್ರದರ್ಶನದಲ್ಲಿ ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ಮೇಜಿನಿಂದ ಒಂದು ಗೊಂಬೆ ಕಳುವಾಯಿತು. ಕಳ್ಳರು ಸಿಕ್ಕರೆ ಜನ ಏನು ಮಾಡುತ್ತಾರೆ? ಹಿಡಿಯುತ್ತಾರೆ, ಬೈಯುತ್ತಾರೆ, ಪೊಲೀಸರಿಗೆ ಒಪ್ಪಿಸುತ್ತಾರೆ. ಅಕ್ಕಿ ಕೊಡಬೇಕು ಅಂತ ಕಳ್ಳರನ್ನು ಹುಡುಕಿದವಳು, ನನಗೆ ತಿಳಿದಂತೆ, ನಮ್ಮ ಚಿಗವ್ವ ಒಬ್ಬಳೇ!

ಅವಳವು ಗೇಣುದ್ದದ ಬಟ್ಟೆಯ ಗೊಂಬೆಗಳು. ನೂಲಿನ ಜಡೆ, ಇಳಕಲ್ ಸೀರೆಯ ತುಂಡು, ಕೆಂಪು ಸೆರಗು. ಒಂದಕ್ಕೆ ಎಂಟು ದಿನದ ಕೆಲಸ. ಮಾರುವುದು ಅದಕ್ಕಿಂತ ದೊಡ್ಡ ಕೆಲಸ! ಯಾಕೆಂದರೆ ಚಿಗವ್ವನ ಮಟ್ಟಿಗೆ ಅದು ಮಾರಾಟವಲ್ಲ, ಮಗಳನ್ನು ಗಂಡನ ಮನೆಗೆ ಕಳಿಸುವುದು.

"ಮನ್ಯಾಗ ಇಲಿ ಅದಾವೇನ್ರಿ? ಎಲ್ಲಿ ಕುಂದರಸ್ತೀರಿ? ಟೀವಿ ಮುಂದ ಬ್ಯಾಡ, ಕಣ್ಣು ಹೋಗ್ತಾವು."

ಈ ಪರೀಕ್ಷೆಯಲ್ಲಿ ಪಾಸಾದವರ ಎದುರು ಗೊಂಬೆಗೆ ಉಡಿ ತುಂಬುತ್ತಾಳೆ: ಐದು ಕಾಳು ಅಕ್ಕಿ, ಒಂದು ಚೂರು ಅರಿಷಿಣ ಕೊಂಬು, ಉಗುರಗಲದ ಖಣ. ಆಮೇಲೆಯೇ ಗೊಂಬೆ ಕೈಗೆ.

ಕಳುವಾದಾಗ ಓಡಿ ಬಂದ ಸಂಘಟಕರು ಮೈಸೂರಿನ ಕಡೆಯವರು. "ಎಷ್ಟು ನಷ್ಟ ಆಯ್ತಮ್ಮಾ?"

"ಉಡಿ ತುಂಬಿದ್ದಿಲ್ಲರೀ! ಉಡಿ!"

ಅವರ ಊರಲ್ಲಿ ಇದಕ್ಕೆ ಮಡಿಲು ಅನ್ನುತ್ತಾರೆ. ತಮಗೆ ತಿಳಿದಷ್ಟನ್ನು ಮೈಕಿನಲ್ಲಿ ಹೇಳಿಯೇಬಿಟ್ಟರು: "ಸೀರೆ ಉಡದ ಗೊಂಬೆಯೊಂದು ಕಾಣೆಯಾಗಿದೆ. ಕಂಡವರು ತಂದೊಪ್ಪಿಸಿ."

ಸಭೆಗೆ ಸಭೆಯೇ ಹುಡುಕಲು ಎದ್ದಿತು! ಚಿಗವ್ವ ವೇದಿಕೆ ಹತ್ತಿದಳು. "ಯಪ್ಪಾ, ನನ್ನ ಮಗಳನ್ನ ಮೈಕಿನ್ಯಾಗ ಬತ್ತಲಿ ಮಾಡಿದ್ಯಲ್ಲೋ!"

ಮರುವಾರ ಬಾದಾಮಿಯಲ್ಲಿ ಪ್ರದರ್ಶನ. ಅಲ್ಲಿ ಒಬ್ಬಳ ಚೀಲದಿಂದ ಕೆಂಪು ಸೆರಗು ಇಣುಕಿತು. ಚಿಗವ್ವ ಓಡಿದಳು, ಹಿಂದೆ ನಾನು, ಬಸ್ ಸ್ಟ್ಯಾಂಡಿನವರೆಗೆ! ತಡೆದು ನಿಲ್ಲಿಸಿ ಚೀಲಕ್ಕೆ ಅಕ್ಕಿ ಹಾಕಿದ ಮೇಲೆ ನೋಡಿದರೆ ಅದು ಮಡಚಿದ ಛತ್ರಿ.

"ನಿಮ್ಮ ಕಡೆ ಛತ್ರಿಗೂ ಉಡಿ ತುಂಬ್ತಾರೇನ್ರಿ?" ಎಂದಳು ಆಕೆ.

ಇಳಕಲ್ಲಿನ ಪ್ರದರ್ಶನದಲ್ಲಿ ಚಿಗವ್ವ ಮೇಜಿನ ಮೇಲೆ ರಟ್ಟು ನಿಲ್ಲಿಸಿದಳು: 'ನವನಗರದಾಗ ಗೊಂಬಿ ಒಯ್ದವರು ಬಂದು ಉಡಿ ತುಂಬಿಸಿಕೊಂಡು ಹೋಗಬೇಕು. ಯಾರೂ ಏನೂ ಅನ್ನೂದಿಲ್ಲ.'

ಪಕ್ಕದ ಮೇಜಿನವರು ಹುನಗುಂದದವರು, ಕಟ್ಟಿಗೆಯ ಪುಟ್ಟ ಚಕ್ಕಡಿ, ಅಂದರೆ ಎತ್ತಿನ ಗಾಡಿ, ಮಾಡುವವರು. ನವನಗರದಲ್ಲಿ ಅವರದೂ ಎರಡು ಚಕ್ಕಡಿ ಕಳುವಾಗಿದ್ದವು.

"ಕಳ್ಳರಿಗೆ ಇಷ್ಟು ಮರ್ಯಾದಿ ಯಾಕ್ರಿ ಅಕ್ಕಾರ?"

"ನಿಮ್ಮ ಚಕ್ಕಡಿಗೆ ತವರಮನಿ ಇಲ್ರಿ, ನನ್ನ ಗೊಂಬಿಗೆ ಐತಿ. ಖಾಲಿ ಉಡಿಲೆ ಹೋದಾಕಿ ತಿರುಗಿ ಹೆಂಗ ಬಂದಾಳು?"

ಅವರು ನಗಲಿಲ್ಲ. "ಹಂಗ ಹೋದಾಕಿ ಒಬ್ಬಾಕಿ ನಮ್ಮ ಓಣ್ಯಾಗೂ ಅದಾಳ್ರಿ."

ಅವಳು ಚಿಗವ್ವನ ಮಗಳು. ಮೂರು ವರ್ಷದ ಹಿಂದೆ ನೋಂದಣಿ ಕಚೇರಿಯಲ್ಲಿ ಮದುವೆಯಾಗಿ ಉಟ್ಟ ಬಟ್ಟೆಯಲ್ಲಿ ಹುನಗುಂದಕ್ಕೆ ಹೋದವಳು. ಮನೆಯಲ್ಲಿ ಅವಳ ಹೆಸರು ಎತ್ತಬಾರದು ಎಂದವಳೂ ಚಿಗವ್ವನೇ.

ಚಿಗವ್ವ ಒಂದು ಗೊಂಬೆಯ ನೆರಿಗೆ ಬಿಚ್ಚಿದಳು. ಮತ್ತೆ ಹಿಡಿದಳು.

"ಹೆಂಗದಾಳ?"

"ಏಳು ತಿಂಗಳ ಬಸರಿ ಅದಾಳ್ರಿ."

ಚಿಗವ್ವ ಮೇಜನ್ನು ನನಗೆ ಬಿಟ್ಟು ಬಜಾರಕ್ಕೆ ಹೋದಳು. ಅಕ್ಕಿ, ಕೊಬ್ಬರಿ ಬಟ್ಟಲು, ಖಣ, ಹಸಿರು ಬಳೆ ಕೊಂಡಳು. ಮಧ್ಯಾಹ್ನ ಹನ್ನೆರಡೂವರೆಗೆ ಹುನಗುಂದದ ಬಸ್ಸು ಹತ್ತಿದಳು.

ಇಂದಿಗೆ ಒಂಬತ್ತು ದಿನ. ಗೊಂಬೆ ಸಿಕ್ಕಿಲ್ಲ. ಚಿಗವ್ವ ಹುನಗುಂದದಿಂದ ಮರಳಿಲ್ಲ.