ಇಡಿಯಾಗಿ ತೆರೆಯತಕ್ಕದ್ದಲ್ಲ

ಈ ಕಚೇರಿಯಲ್ಲಿ ಯಾವುದೇ ಜಾಲವಿಳಾಸವನ್ನು ಬಿಡಿಬಿಡಿಯಾಗಿ ಪರಿಶೀಲಿಸದೆ ಇಡಿಯಾಗಿ ತೆರೆಯತಕ್ಕದ್ದಲ್ಲ ಎಂಬ ನಿಯಮ ಜಾರಿಗೆ ಬಂದು ಮೂರು ವರ್ಷವಾಯಿತು. ನಿರ್ದೇಶಕರು ಒಮ್ಮೆ ಉಚಿತ ಮಿಕ್ಸರ್ ಕೊಡುವ ಲಿಂಕನ್ನು ಒತ್ತಿ, ಮಿಕ್ಸರೂ ಬರದೆ, ಕಂಪ್ಯೂಟರುಗಳೆಲ್ಲ ಒಂಬತ್ತು ದಿನ ಕಣ್ಣು ಮುಚ್ಚಿ ಕುಳಿತದ್ದೇ ಇದಕ್ಕೆ ಕಾರಣವೆಂದು ಯಾವ ಕಡತದಲ್ಲೂ ಇಲ್ಲ.

ವಿಳಾಸವನ್ನು ಬಿಡಿಸುವ ಕೋಡನ್ನು ತಾತ್ಕಾಲಿಕ ನೌಕರಳೊಬ್ಬಳು ಊಟದ ಬಿಡುವಿನಲ್ಲಿ ಬರೆದಳು. ಹನ್ನೆರಡೇ ಸಾಲು. ಕಣ್ಣು ಮಿಟುಕಿಸುವಷ್ಟರಲ್ಲಿ ವಿಳಾಸವನ್ನು ಆರು ತುಂಡು ಮಾಡಿ ಕೈಗಿಡುತ್ತಿತ್ತು. ಕೆಲಸ ಇಷ್ಟು ಬೇಗ ಮುಗಿಯುವುದು ಕಚೇರಿಯ ಘನತೆಗೆ ತಕ್ಕದ್ದಲ್ಲವಾದ್ದರಿಂದ, ತುಂಡಿಗೊಂದರಂತೆ ಆರು ವಿಭಾಗಗಳನ್ನೂ, ವಿಭಾಗಕ್ಕೊಬ್ಬ ಅಧಿಕಾರಿಯನ್ನೂ, ಅಧಿಕಾರಿಗೆ ಎರಡು ಕೈಗಳುಳ್ಳ ಕುರ್ಚಿಯನ್ನೂ ಮಂಜೂರು ಮಾಡಲಾಯಿತು. ಕೋಡ್ ಬರೆದವಳು ಮಾತ್ರ ಮೂರು ವರ್ಷ ಕಳೆದರೂ, ಹನ್ನೊಂದು ವರ್ಷದಿಂದ ಕೂತಿದ್ದ ಸ್ಟೂಲಿನ ಮೇಲೇ ಕೂತಿದ್ದಳು. ಖಾಯಂ ಆಗದವರಿಗೆ ಕುರ್ಚಿ ಇಲ್ಲ. ಅಮ್ಮ ದಿನಾ ಸಂಜೆ ಅವಳ ಸೊಂಟಕ್ಕೆ ಎಣ್ಣೆ ತಿಕ್ಕುತ್ತ, ಕುರ್ಚಿ ಯಾವಾಗ ಬರುತ್ತದೆಂದು ಕೇಳುತ್ತಿದ್ದರು.

ಒಂದು ಮಂಗಳವಾರ ಬೆಳಿಗ್ಗೆ ಖಾಯಂ ಆದೇಶ ಬಂತು. ಲಿಂಕಿನ ರೂಪದಲ್ಲಿ ಬಂತು. ಸಂಜೆ ಐದರೊಳಗೆ ಕಚೇರಿಯ ಕಂಪ್ಯೂಟರಿನಲ್ಲೇ ತೆರೆದು ಒಪ್ಪಿಕೊಳ್ಳದಿದ್ದರೆ ಲಿಂಕ್ ಸಾಯುತ್ತದೆ ಎಂದು ಕೆಳಗೆ ಬರೆದಿತ್ತು. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಸ್ಟೂಲು ಅಲ್ಲಾಡುತ್ತಿದ್ದುದರಿಂದ ಕುಣಿಯಲಿಲ್ಲ. ನಿಯಮದಂತೆ ಲಿಂಕನ್ನು ತನ್ನ ಕೋಡಿಗೆ ಕೊಟ್ಟಳು. ಆರು ತುಂಡು ಆರು ಕೋಣೆಗೆ ಹೋದವು.

ಮಧ್ಯಾಹ್ನದ ಹೊತ್ತಿಗೆ ಐದು ತುಂಡಿಗೆ ಮೊಹರು ಬಿತ್ತು. ಸಿಕ್ಕಿಕೊಂಡದ್ದು ಪೋರ್ಟ್ ವಿಭಾಗದಲ್ಲಿ. ಪೋರ್ಟ್ ಎಂದರೆ ಆ ಕಡೆಯ ಯಂತ್ರದಲ್ಲಿ ನಾವು ತಟ್ಟಬೇಕಾದ ಬಾಗಿಲಿನ ಸಂಖ್ಯೆ. ಎಲ್ಲರೂ ತಟ್ಟುವುದು ಒಂದೇ ಬಾಗಿಲಾದ್ದರಿಂದ ಯಾರೂ ಅದನ್ನು ವಿಳಾಸದಲ್ಲಿ ಬರೆಯುವುದಿಲ್ಲ. ಹಾಗಾಗಿ ಈ ವಿಭಾಗಕ್ಕೆ ಮೂರು ವರ್ಷದಿಂದ ಬರುತ್ತಿದ್ದದ್ದು ಖಾಲಿ ಕಾಗದ. ಹಾಗಾಗಿಯೇ ಈ ಕಚೇರಿಯಲ್ಲಿ ಮೂರು ವರ್ಷದಿಂದ ಒಂದು ವಿಳಾಸವೂ ತೆರೆದಿರಲಿಲ್ಲ. ಒಂದು ಅವಘಡವೂ ನಡೆಯಲಿಲ್ಲವೆಂದು ಸುರಕ್ಷತೆಯ ಪ್ರಶಸ್ತಿಯೂ ಬಂದಿತ್ತು.

ಪೋರ್ಟ್ ಅಧಿಕಾರಿ ಕಾಗದವನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದ್ರಲ್ಲಿ ಏನೂ ಇಲ್ವಲ್ಲಮ್ಮ. ಇಲ್ಲದ್ದರ ಮೇಲೆ ಸೀಲ್ ಹೇಗೆ ಒತ್ಲಿ?"

"ಬರೀದೇ ಇದ್ರೆ ನಾನೂರ ನಲವತ್ಮೂರು ಅಂತ ಅರ್ಥ ಸಾರ್. ಅದು ವಾಡಿಕೆ."

"ವಾಡಿಕೆ ಅಂತ ಎಲ್ಲಾದ್ರೂ ಬರೆದಿದ್ರೆ ತೋರ್ಸಿ."

ಎಲ್ಲೂ ಬರೆದಿರಲಿಲ್ಲ. ಅವಳು ನಿರ್ದೇಶಕರ ಕೋಣೆಗೆ ಓಡಿ, ಕಾಲಿಗೆ ಬೀಳುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದಳು. ಮೂರೂಮುಕ್ಕಾಲಿಗೆ ಸುತ್ತೋಲೆ ಹೊರಟಿತು:

"ಎಲ್ಲಿ ಏನನ್ನೂ ಬರೆದಿರುವುದಿಲ್ಲವೋ ಅಲ್ಲಿ ವಾಡಿಕೆಯಲ್ಲಿರುವುದೇ ಇದೆಯೆಂದು ಭಾವಿಸತಕ್ಕದ್ದು. ಸದರಿ ನಿಯಮವು ಕಚೇರಿಯ ಸಕಲ ವ್ಯವಹಾರಗಳಿಗೂ ಅನ್ವಯಿಸತಕ್ಕದ್ದು."

ಪೋರ್ಟ್ ಅಧಿಕಾರಿ ಮೊಹರಿನ ಧೂಳು ಒರೆಸಿದರು. ಪಾಪ, ಅವರ ಸೇವಾವಧಿಯ ಮೊದಲ ಮೊಹರು. ಹೆಂಡತಿಗೆ ಫೋಟೊ ಕಳಿಸಿ, ಕಣ್ಣೊರೆಸಿಕೊಂಡು ಒತ್ತಿದರು. ಮಸಿ ಒಣಗಿಹೋಗಿತ್ತು, ಏನೂ ಮೂಡಲಿಲ್ಲ. ಹೊಸ ನಿಯಮದಂತೆ ಮೂಡಿದೆಯೆಂದೇ ಭಾವಿಸಲಾಯಿತು.

ನಾಲ್ಕು ಗಂಟೆಗೆ ಅವಳು ಆರು ತುಂಡುಗಳನ್ನು ಕೂಡಿಸಿ, ಒಂದೇ ಸಾಲಿನ ವಿಳಾಸ ಮಾಡಿ, ಒತ್ತಲು ಬೆರಳೆತ್ತಿದಳು. ಭದ್ರತಾ ಗುಮಾಸ್ತರು ಬೆರಳು ಹಿಡಿದುಕೊಂಡರು. ಕೂಡಿಸಿದ ಮೇಲೆ ಅದು ಇಡೀ ವಿಳಾಸ. ಇಡೀ ವಿಳಾಸವನ್ನು ಬಿಡಿಸದೆ ತೆರೆಯುವಂತಿಲ್ಲ. ಅವಳು ಮತ್ತೆ ಬಿಡಿಸಿದಳು, ಆರೂ ಕೋಣೆಗೆ ಓಡಿದಳು, ಮತ್ತೆ ಕೂಡಿಸಿದಳು. ಗುಮಾಸ್ತರು ಮತ್ತೆ ಬೆರಳು ಹಿಡಿದರು. ಮೂರನೆಯ ಸುತ್ತಿಗೆ ಅಧಿಕಾರಿಗಳೆಲ್ಲ ಮೊಹರು ಹಿಡಿದು ಬಾಗಿಲಿಗೇ ಬಂದು ನಿಂತು ಹುರಿದುಂಬಿಸುತ್ತಿದ್ದರು. ಪೋರ್ಟ್ ಅಧಿಕಾರಿಯಂತೂ ಕುರ್ಚಿ ಬಿಟ್ಟು ಅವಳ ಜೊತೆಗೇ ಓಡಿದರು. ಐದನೆಯ ಸಲ ಬೆರಳೆತ್ತುವಾಗ ಗಂಟೆ ಐದಾಯಿತು. ಲಿಂಕ್ ಸತ್ತಿತು.

ಅವಳಿಗೆ ಅಳು ಬಂತು, ನಿಜವಾದ ಅಳು. ಅಷ್ಟರಲ್ಲಿ ಸುತ್ತೋಲೆ ನೆನಪಾಗಿ, ಮೂಗೊರೆಸಿಕೊಂಡು ಅರ್ಜಿ ಬರೆದಳು. ಆದೇಶ ಇಲ್ಲದ ಕಡೆಯೂ ವಾಡಿಕೆಯಲ್ಲಿರುವುದನ್ನೇ ಭಾವಿಸಬೇಕಲ್ಲವೇ ಎಂದು ವಿನಯದಿಂದ ಕೇಳಿದ್ದಳು. ನಿರ್ದೇಶಕರು ಧಾರಾಳವಾಗಿ ಒಪ್ಪಿದರು. ಮರುದಿನವೇ ಆದೇಶ ಕಾಗದದಲ್ಲಿ ಬಂತು:

"ಅರ್ಜಿದಾರರು ಹನ್ನೊಂದು ವರ್ಷಗಳ ವಾಡಿಕೆಯಂತೆ ತಾತ್ಕಾಲಿಕರೆಂದು ಭಾವಿಸಿ, ಸದರಿ ತಾತ್ಕಾಲಿಕತೆಯನ್ನು ಈ ಮೂಲಕ ಖಾಯಂಗೊಳಿಸಲಾಗಿದೆ."

ಆರೂ ಅಧಿಕಾರಿಗಳು ಸಾಲಾಗಿ ಬಂದು ಕೈಕುಲುಕಿದರು. ಉಗ್ರಾಣದವನು ಕುರ್ಚಿ ತಂದಿಟ್ಟ. ಖಾಯಂ ತಾತ್ಕಾಲಿಕರಿಗೆ ಒಂದೇ ಕೈಯ ಕುರ್ಚಿ. ಬಲಗಡೆ ಕೈ ಇರಬೇಕಾದಲ್ಲಿ ಎರಡು ತೂತಿದ್ದವು.

"ಅಲ್ಲೂ ಇದೆ ಅಂತ ಅಂದ್ಕೊಳ್ಳಿ ಮೇಡಂ," ಎಂದ ಅವನು. "ಈಗ ನಿಯಮಾನೇ ಇದ್ಯಲ್ಲ."

ಅಮ್ಮನ ಫೋನ್ ಬಂತು.

"ಕುರ್ಚಿ ಕೊಟ್ರೇನೇ?"

"ಕೊಟ್ರಮ್ಮ."

"ಕೈ ಇದ್ಯಾ?"

ಅವಳು ಬಲ ಮೊಣಕೈಯನ್ನು ಗಾಳಿಯ ಮೇಲೆ ನಿಧಾನವಾಗಿ ಊರಿ ನೋಡಿದಳು.

"ಎರಡೂ ಇದೆ," ಎಂದಳು.