ಎಲ್ಲಿಗೆ ಅನ್ನದ ಅತ್ತೆಗೆ ಇಂಗ್ಲಿಷ್ ಪಾಠ

ನಮ್ಮತ್ತೆ ತನ್ನ ಅರವತ್ತೆರಡು ವರ್ಷದ ಆಯುಷ್ಯದಲ್ಲಿ ಯಾರನ್ನೂ ‘ಎಲ್ಲಿಗೆ ಹೊಂಟಿ?’ ಎಂದು ಕೇಳಿದವಳಲ್ಲ. ಹನುಮಸಾಗರದ ಹೊರಗಿನವರು ಇದನ್ನು ನಂಬುವುದಿಲ್ಲ. ಹನುಮಸಾಗರದವರು ನಂಬುತ್ತಾರೆ. ಯಾಕೆಂದರೆ ಅವರೆಲ್ಲ ಒಂದಿಲ್ಲೊಂದು ದಿನ ಆ ಪ್ರಶ್ನೆ ಕೇಳಿ ಅವಳಿಂದ ಬೈಸಿಕೊಂಡವರೇ!

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮ ಕಡೆಯ ಹಿರಿಯರೆಲ್ಲ ಹೇಳುವ ಮಾತು. ತಿಳಿಯಲೇಬೇಕು ಎನ್ನುವವರು ‘ದೂರ ಹೊಂಟೀರೇನ್ರಿ?’ ಎನ್ನಬೇಕು. ಹೊರಟವರು ಕಾಶಿಗೇ ಹೊರಟಿದ್ದರೂ ‘ಇಲ್ಲೇ’ ಎನ್ನಬೇಕು. ಕೇಳಿದವರು ಏನೂ ಕೇಳಿದಂತಾಗಲಿಲ್ಲ, ಹೇಳಿದವರು ಏನೂ ಹೇಳಿದಂತಾಗಲಿಲ್ಲ, ಆದರೂ ಇಬ್ಬರಿಗೂ ಸಮಾಧಾನ. ಉಳಿದವರು ಇದನ್ನು ನೆನಪಾದಾಗ ಪಾಲಿಸುತ್ತಾರೆ. ಅತ್ತೆ ಮಾತ್ರ ಇದಕ್ಕೊಂದು ಪೊಲೀಸ್ ಠಾಣೆಯನ್ನೇ ತೆರೆದು ಕೂತಿದ್ದಾಳೆ.

ಇಂಥವಳು ಬಸ್ಸು ಹತ್ತಿದರೆ ಏನಾಗಬೇಡ? ಕಂಡಕ್ಟರನ ಹೊಟ್ಟೆಪಾಡೇ ‘ಎಲ್ಲಿಗೆ’ ಎಂದು ಕೇಳುವುದು! ಕುಷ್ಟಗಿ ಬಸ್ಸಿಗೆ ಯಲಬುರ್ಗಾ ಕಡೆಯ ಹೊಸ ಕಂಡಕ್ಟರ್ ಬಂದ ಮೊದಲ ದಿನ ಟಿಕೆಟ್ಟಿನ ಯಂತ್ರ ಹಿಡಿದುಕೊಂಡು, ‘ಯಮ್ಮಾ, ಎಲ್ಲಿಗೆ?’ ಎಂದನಂತೆ. ಮುಂಜಾನೆ ಎದ್ದು ಹೊರಟವಳನ್ನು ಹೀಗೆ ಕೇಳಬಹುದೇ, ಮನೆಯಲ್ಲಿ ಹಿರಿಯರು ಯಾರೂ ಇಲ್ಲವೇ ಎಂದು ಅತ್ತೆ ವಿಚಾರಣೆ ಶುರುಮಾಡಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದರೂ ಊರ ಹೆಸರು ಒತ್ತದೆ ಟಿಕೆಟ್ ಬರುವುದಿಲ್ಲ ಎಂದು ಅವನು ಗೋಗರೆದ. ಕೆಲಸವಂತೂ ಕೆಟ್ಟಂತೆಯೇ ಎಂದು ಅತ್ತೆ ಬಸ್ಸಿಳಿದು ಮನೆಗೆ ಬಂದು, ಒಂದು ತಂಬಿಗೆ ನೀರು ಕುಡಿದು, ಮುಂದಿನ ಬಸ್ಸಿಗೆ ಹೋದಳು. ಅಂದಿನಿಂದ ಅವನು ಇಡೀ ಬಸ್ಸಿಗೆ ‘ಎಲ್ಲಿಗೆ, ಎಲ್ಲಿಗೆ’ ಎನ್ನುತ್ತ ಬಂದು ಅತ್ತೆಯ ಸೀಟಿನ ಹತ್ತಿರ ದನಿ ಇಳಿಸಿ ‘ದೂರ ಏನ್ರಿ ಯಮ್ಮಾ?’ ಎನ್ನುತ್ತಾನೆ. ‘ಇಲ್ಲೇಪಾ, ಕುಷ್ಟಗಿ’ ಎನ್ನುತ್ತಾಳೆ ಅತ್ತೆ. ಟಿಕೆಟ್ ಬರುತ್ತದೆ.

ಈ ಅತ್ತೆ ನಮ್ಮಪ್ಪನ ಅಕ್ಕ. ನಮ್ಮ ಮಗ್ಗುಲ ಮನೆಯಲ್ಲೇ ಎರಡು ಎಮ್ಮೆ ಕಟ್ಟಿಕೊಂಡು ಇದ್ದಾಳೆ. ನಾನು ಕುಷ್ಟಗಿಯಲ್ಲಿ ಬಿ.ಎ., ಕೊಪ್ಪಳದಲ್ಲಿ ಬಿ.ಎಡ್. ಮುಗಿಸಿ ಮನೆಗೆ ಬಂದು ಕೂತಾಗ ಇಡೀ ಊರು ‘ಮುಂದೇನು?’ ಎಂದು ಕೇಳಿತು, ಅವಳು ಕೇಳಲಿಲ್ಲ. ಮುಂದೇನು ಎಂಬುದೂ ಒಂದು ತರಹದ ಎಲ್ಲಿಗೆ ತಾನೆ!

ಮುಂದೇನು ಎಂಬುದು ನನಗೆ ಹೊಳೆದದ್ದು ಸಾಣಾಪುರದಲ್ಲಿ. ಗೆಳತಿಯರ ಜೊತೆ ಅಲ್ಲಿಯ ಕೆರೆ ನೋಡಲು ಹೋದಾಗ ದಂಡೆಯ ಬಂಡೆಯ ಮೇಲೆ ಒಬ್ಬ ವಿದೇಶಿ ಹೆಂಗಸು ಕೂತು ಶೇಂಗಾ ತಿನ್ನುತ್ತಿದ್ದಳು. ಮಾತಿಗೆ ಮಾತು ಬಂತು. ಅವಳು ವಿಯೆಟ್ನಾಮಿನಲ್ಲಿ ಸಣ್ಣ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾಳಂತೆ. ಅವಳ ಮನೆಮಾತೂ ಇಂಗ್ಲಿಷ್ ಅಲ್ಲವಂತೆ! ಕಲಿತೆ, ಕಲಿತದ್ದನ್ನು ಕಲಿಸುತ್ತೇನೆ ಎಂದು ಅವಳು ಶೇಂಗಾದ ಸಿಪ್ಪೆ ಊದಿದಷ್ಟೇ ಹಗುರವಾಗಿ ಹೇಳಿದಳು. ಹಾಗಾದರೆ ನಾನೇನು ಪಾಪ ಮಾಡಿದ್ದೇನೆ ಎಂದುಕೊಂಡು ಬಸ್ಸು ಹತ್ತಿದವಳು ಮನೆ ಮುಟ್ಟುವಷ್ಟರಲ್ಲಿ ನಾನೂ ವಿಯೆಟ್ನಾಮಿಗೆ ಹೋಗಿ ಕಲಿಸುವುದೆಂದು ನಿರ್ಧಾರ ಮಾಡಿದ್ದೆ.

ಅವ್ವ ಅತ್ತಳು. ಅಪ್ಪ ಗೋಡೆಗೆ ಪ್ರಪಂಚದ ನಕ್ಷೆ ತಂದು ಹಚ್ಚಿದ. ಓಣಿಯವರು ಒಬ್ಬೊಬ್ಬರಾಗಿ ಬಂದು ಯಾವ ದೇಶ, ಏನು ಊಟ, ಹಾವು ತಿನ್ನುತ್ತಾರಂತೆ ಹೌದೇ ಎಂದೆಲ್ಲ ಕೇಳಿ ಚಹಾ ಕುಡಿದು ಹೋದರು. ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರದಿಂದ ಕಣ್ಣೆತ್ತದೆ, ‘ದೂರ ಏನವಾ?’ ಎಂದಳು. ನಾನು ಹುರುಪಿನಲ್ಲಿ ಎರಡು ವಿಮಾನ ಬದಲಿಸಬೇಕು, ಸಮುದ್ರ ದಾಟಬೇಕು, ನಮಗಿಂತ ಅಲ್ಲಿ ಒಂದೂವರೆ ತಾಸು ಮೊದಲೇ ಬೆಳಗಾಗುತ್ತದೆ ಎಂದು ಭೂಗೋಳವನ್ನೆಲ್ಲ ಒಪ್ಪಿಸಿದೆ.

‘ಇಲ್ಲೇ ಅನ್ನಬೇಕು,’ ಎಂದಳು ಅತ್ತೆ. ‘ಇಷ್ಟು ಓದೀದಿ, ಅಷ್ಟು ತಿಳಿಯೂದಿಲ್ಲೇನು?’

ಅಷ್ಟೇ. ಮುಂದಿನ ಏಳು ತಿಂಗಳು ಅವಳು ಆ ದೇಶದ ಹೆಸರನ್ನೂ ಕೇಳಲಿಲ್ಲ. ಎತ್ತಿ ಆಡಿಸಿದ ಅತ್ತೆ! ನಕ್ಷೆಯ ಮುಂದೆ ದಿನಕ್ಕೆ ಹತ್ತು ಸಲ ಓಡಾಡಿದರೂ ತಲೆ ಎತ್ತಿ ನೋಡಲಿಲ್ಲ. ಶಕುನವೋ, ಅಸಡ್ಡೆಯೋ? ನನಗೆ ಒಳಗೊಳಗೇ ಬೇಸರವಾಗಿತ್ತು, ಸುಳ್ಳೇಕೆ ಹೇಳಲಿ.

ವಿದೇಶದಲ್ಲಿ ಇಂಗ್ಲಿಷ್ ಕಲಿಸುವವರಿಗೆಂದೇ ಇರುವ ಕೋರ್ಸನ್ನು ಮೊಬೈಲಿನಲ್ಲೇ ಮುಗಿಸಿದೆ. ವಿಯೆಟ್ನಾಮಿನ ಒಂದು ಶಾಲೆಯವರು ಅರ್ಜಿ ನೋಡಿ ಒಂದು ಷರತ್ತು ಹಾಕಿದರು. ಇಂಗ್ಲಿಷಿನ ಗಂಧವಿಲ್ಲದ ಒಬ್ಬರಿಗೆ ಪಾಠ ಹೇಳಿ, ಎರಡು ನಿಮಿಷದ ವಿಡಿಯೋ ಕಳಿಸಬೇಕು. ಪಾಠದಲ್ಲಿ ಒಂದೂ ಕನ್ನಡ ಮಾತು ಬರಕೂಡದು. ಅದು ಒಪ್ಪಿಗೆಯಾದರೆ ನೌಕರಿ, ಇಲ್ಲದಿದ್ದರೆ ಇಲ್ಲ. ಹದಿನೈದು ದಿನದ ಗಡುವು.

ಇಂಗ್ಲಿಷಿನ ಗಂಧವಿಲ್ಲದವರನ್ನು ಈ ಕಾಲದಲ್ಲಿ ಎಲ್ಲಿಂದ ತರುವುದು? ನಮ್ಮ ಓಣಿಯ ಅಂಗನವಾಡಿ ಮಕ್ಕಳೂ ನಾಯಿ ಕಂಡರೆ ಡಾಗ್ ಎನ್ನುತ್ತವೆ. ಕಡೆಗೆ ಅತ್ತೆಯೇ ಗತಿಯಾದಳು. ಕೇಳಿದ ಕೂಡಲೇ ಒಪ್ಪಿದ್ದು ನನಗೇ ಆಶ್ಚರ್ಯ. ಹಾಲು ಹಿಂಡುವ ಹೊತ್ತಿನಲ್ಲಿ ಮಾತ್ರ ಕಲಿಯುತ್ತೇನೆ, ಉಳಿದ ಹೊತ್ತು ಕೆಲಸವಿದೆ ಎಂದಳು.

ಮೊದಲ ದಿನವೇ ಜಗಳ. ನಿನಗೆ ಆಗಲೇ ಎಷ್ಟೋ ಇಂಗ್ಲಿಷ್ ಮಾತು ಗೊತ್ತಿವೆ, ಬಸ್ಸು, ಲೈಟು, ಟಿಕೆಟ್ಟು ಎಲ್ಲ ಇಂಗ್ಲಿಷೇ ಎಂದು ಧೈರ್ಯ ತುಂಬಲು ಹೇಳಿದೆ. ಅತ್ತೆ ಒಪ್ಪಲಿಲ್ಲ. ಬಸ್ಸು ನಮ್ಮದು, ದಿನಾ ನಮ್ಮೂರಿಗೆ ಬರುತ್ತದೆ, ಇಂಗ್ಲಿಷಿನದಾಗಿದ್ದರೆ ಇಲ್ಲಿಗೆ ಯಾಕೆ ಬರುತ್ತಿತ್ತು ಎಂದಳು. ಅಂದಿನ ಪಾಠವನ್ನು ನಾನು ಅಲ್ಲಿಗೇ ಮುಗಿಸಿದೆ.

ಎರಡನೆಯ ದಿನ ಕೊಡ ತೋರಿಸಿ ‘ದಿಸ್ ಈಸ್ ಎ ಪಾಟ್’ ಎಂದೆ. ಅವಳು ನನ್ನನ್ನೇ ಮರುಕದಿಂದ ನೋಡಿ, ‘ಇದು ಕೊಡ ಅಂತ ನನಗೂ ಕಾಣ್ತೈತಿ, ನಿನಗೂ ಕಾಣ್ತೈತಿ. ಮತ್ತ ಯಾರಿಗೆ ಹೇಳೂದಿದು?’ ಎಂದಳು. ಕೋಟ್ಯಂತರ ಮಕ್ಕಳು ತುಟಿ ಪಿಟಕ್ಕೆನ್ನದೆ ಕಲಿತ ವಾಕ್ಯ ನಮ್ಮ ಕೊಟ್ಟಿಗೆಯಲ್ಲಿ ಬಿದ್ದುಹೋಯಿತು.

ಆಮೇಲೆ ನಾನೇ ದಾರಿಗೆ ಬಂದೆ. ಅವಳಿಗೆ ಬೇಕಾದ ಮಾತನ್ನೇ ಕಲಿಸಿದೆ. ಕಮ್, ಗೋ, ಮಿಲ್ಕ್, ವಾಟರ್. ಮಗ್ಗುಲಲ್ಲಿದ್ದ ಎಮ್ಮೆಯನ್ನು ಮುಟ್ಟಿ ನಿಯರ್, ಹೊಲದಂಚಿನ ಬೇವಿನ ಮರದತ್ತ ಕೈ ಚಾಚಿ ಫಾರ್. ಪ್ರತಿಯೊಂದಕ್ಕೂ ಮೊದಲು ‘ಸೇ’ ಎನ್ನುತ್ತಿದ್ದೆ. ಸೇ ಮಿಲ್ಕ್, ಸೇ ವಾಟರ್. ಅತ್ತೆ ಹಾಲಿನ ಧಾರೆಯ ಲಯಕ್ಕೆ ಸರಿಯಾಗಿ ಹೇಳುತ್ತ ಹೋದಳು.

ವಿಡಿಯೋಕ್ಕೆ ಶಾಲೆಯವರೇ ಒಂದು ಸಂಭಾಷಣೆ ಕೊಟ್ಟಿದ್ದರು. ಟೀಚರ್ ಚೀಲ ಹಿಡಿದು ಹೊರಡಬೇಕು. ವಿದ್ಯಾರ್ಥಿ ‘ವೇರ್ ಆರ್ ಯು ಗೋಯಿಂಗ್?’ ಎನ್ನಬೇಕು. ಟೀಚರ್ ಊರ ಹೆಸರು ಹೇಳಬೇಕು. ಪ್ರಪಂಚದಲ್ಲಿ ಇಷ್ಟು ವಾಕ್ಯಗಳಿರುವಾಗ ಇದೇ ಬೇಕಿತ್ತೇ? ಆದರೆ ಕನ್ನಡದಲ್ಲಿ ಅರ್ಥ ಹೇಳದೆ ಕಲಿಸಬೇಕೆಂಬುದು ಶಾಲೆಯ ನಿಯಮವೇ ಆಗಿತ್ತಲ್ಲ. ನಾನು ನಿಯಮ ಪಾಲಿಸಿದೆ, ಬಹಳ ನಿಷ್ಠೆಯಿಂದ!

ಎಂಟು ದಿನದಲ್ಲಿ ಅತ್ತೆಗೆ ಆ ವಾಕ್ಯ ನನಗಿಂತ ಚೆನ್ನಾಗಿ ಕೂತಿತು. ಅದರ ನಾದವೇ ಅವಳಿಗೆ ಹಿಡಿಸಿಬಿಟ್ಟಿತು. ಮೇಯಲು ಹೊರಟ ಎಮ್ಮೆಗೂ ಅಂದಳು, ಬೇಲಿ ನುಗ್ಗಿದ ಕೋಳಿಗೂ ಅಂದಳು. ನಾನು ವಿಯೆಟ್ನಾಮಿಗೆ ಒಂದು ಕಾಲು ಇಟ್ಟಂತೆಯೇ ಇದ್ದೆ.

ಗಡುವಿನ ಕೊನೆಯ ದಿನ ಮುಂಜಾನೆ ಅಂಗಳದಲ್ಲಿ ಕುರ್ಚಿ ಹಾಕಿ ಅಪ್ಪನ ಕೈಗೆ ಮೊಬೈಲ್ ಕೊಟ್ಟೆ. ಅತ್ತೆ ಇಳಕಲ್ ಸೀರೆ ಉಟ್ಟು ಬಂದು ಕೂತಳು. ಆಗ ಅಪ್ಪನಿಗೆ ಅಕ್ಕನ ಮೇಲೆ ಅಭಿಮಾನ ಉಕ್ಕಿತು ನೋಡಿ. ‘ಅಂತೂ ಯಕ್ಕಾ, ಎಲ್ಲಿಗೆ ಹೊಂಟಿ ಅಂತ ಕೇಳಾಕ ಕಲ್ತಿ, ಅದೂ ಇಂಗ್ಲಿಷಿನಾಗ!’ ಎಂದುಬಿಟ್ಟ.

ಅತ್ತೆ ನಿಧಾನವಾಗಿ ನನ್ನತ್ತ ತಿರುಗಿದಳು. ‘ಎಂಟು ದಿನ ನನ್ನ ಬಾಯಾಗ ಇದನ್ನ ಹೇಳಿಸೀಯೇನು? ಎಮ್ಮಿ ಮುಂಜಾನಿಂದ ಹಾಲು ಯಾಕ ಕೊಡವಲ್ದು ಅಂತ ಈಗ ತಿಳೀತು.’

ಎಮ್ಮೆ ಆ ಮುಂಜಾನೆ ಹಾಲು ಕೊಟ್ಟಿರಲಿಲ್ಲ ಎಂಬುದು ನಿಜ. ಇಂಥ ಸಾಕ್ಷಿಯ ಮುಂದೆ ಯಾವ ವಕೀಲ ನಿಲ್ಲುತ್ತಾನೆ? ನಾನು ಕೊಟ್ಟಿಗೆಗೆ ಹೋಗಿ ಎಮ್ಮೆಯ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ, ತಪ್ಪಾಯಿತು ಎಂದು ಕೈ ಮುಗಿದು ಬಂದೆ. ಬಿ.ಎ., ಬಿ.ಎಡ್.! ಆಮೇಲೆ ಅತ್ತೆಯ ಕಾಲಿಗೂ ಬಿದ್ದೆ. ಇವತ್ತು ವಿಡಿಯೋ ಹೋಗದಿದ್ದರೆ ನನ್ನ ನೌಕರಿ ಹೋಯಿತು ಅತ್ತಿ ಎಂದೆ. ಅವಳು ಹೋಗಿ ಕುರ್ಚಿಯಲ್ಲಿ ಕೂತಳು. ಅಪ್ಪನಿಗೆ ಚಾಲೂ ಮಾಡು ಎಂದು ಕೈ ಮಾಡಿದಳು.

ನಾನು ಚೀಲ ಹೆಗಲಿಗೆ ಹಾಕಿಕೊಂಡು ಅವಳ ಮುಂದೆ ಹಾದುಹೋದೆ. ಕಣ್ಣಲ್ಲೇ ಬೇಡಿಕೊಂಡೆ. ಅತ್ತೆ ನನ್ನನ್ನು, ಚೀಲವನ್ನು, ಮೊಬೈಲನ್ನು ಒಮ್ಮೆ ನೋಡಿ ಗಂಟಲು ಸರಿಮಾಡಿಕೊಂಡು, ‘ಫಾರ್?’ ಎಂದಳು.

ಪುಸ್ತಕದಲ್ಲಿಲ್ಲದ ಪ್ರಶ್ನೆ! ನಾನು ತಡಬಡಿಸಿ, ‘ಯೆಸ್, ಫಾರ್. ಐ ಆಮ್ ಗೋಯಿಂಗ್ ಟು ಕುಷ್ಟಗಿ’ ಎಂದೆ. ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟಳು. ‘ನೋ. ಸೇ ನಿಯರ್,’ ಎಂದಳು. ನಾನು ಮಿಕಮಿಕ ನೋಡಿದೆ. ಬೆರಳೆತ್ತಿ ಇನ್ನೊಮ್ಮೆ, ‘ಸೇ ನಿಯರ್.’ ನಾನು ಶಾಲೆಯ ಹುಡುಗಿಯ ಹಾಗೆ ಕೈ ಕಟ್ಟಿ ‘ನಿಯರ್’ ಎಂದೆ. ‘ಗೋ,’ ಎಂದಳು ಅತ್ತೆ. ಸ್ವಲ್ಪ ತಡೆದು, ‘ಕಮ್,’ ಎಂದಳು. ಅಪ್ಪ ನಗು ತಡೆಯಲಾರದೆ ಮೊಬೈಲ್ ಕೆಳಗಿಳಿಸಿದ. ಇನ್ನೊಂದು ಸಲ ಮಾಡೋಣ ಎಂದರೆ ಹೊರಟವರು ತಿರುಗಿ ಹೊರಡಬಾರದು ಎಂದು ಅತ್ತೆ ಒಳಗೆ ಹೋದಳು. ಅದನ್ನೇ ಕಳಿಸಿದೆ. ನಮ್ಮ ಕಡೆಯ ರೂಢಿಯೇನು, ಆಕೆ ಯಾಕೆ ಹಾಗೆ ಕೇಳಿದಳು ಎಂದು ಜೊತೆಗೆ ನಾಲ್ಕು ಸಾಲು ಬರೆದೆ. ನೌಕರಿ ಹೋಯಿತೆಂದು ಮುಸುಕು ಹೊದ್ದು ಮಲಗಿದೆ.

ವಾರದ ಮೇಲೆ ಆ ಶಾಲೆಯ ಹಿರಿಯ ಮೇಡಂ ವಿಡಿಯೋ ಕರೆ ಮಾಡಿದರು. ಬೇರೆಯವರ ವಿದ್ಯಾರ್ಥಿಗಳೆಲ್ಲ ಟೀಚರ್ ಹೇಳಿದ್ದನ್ನೇ ಗಿಳಿಪಾಠ ಒಪ್ಪಿಸಿದ್ದರಂತೆ. ತನ್ನ ಮನಸ್ಸಿನದನ್ನು ಇಂಗ್ಲಿಷಿನಲ್ಲಿ ಹೇಳಿದವಳು ನಮ್ಮತ್ತೆ ಒಬ್ಬಳೇ ಅಂತೆ. ಇಂಥವರಿಗೆ ಕಲಿಸಿದವರು ನಮ್ಮ ಮಕ್ಕಳಿಗೂ ಕಲಿಸುತ್ತೀರಿ, ಬನ್ನಿ ಎಂದರು. ಅತ್ತೆಗೆ ಹೇಳಿದೆ. ‘ಹೌದೇನು? ಛಲೋ ಆತು,’ ಎಂದು ಎಮ್ಮೆಗೆ ಹಿಂಡಿ ಕಲಸಲು ಹೋದಳು. ಆಗಲೂ ಯಾವ ದೇಶ ಎಂದು ಕೇಳಲಿಲ್ಲ. ಇವಳಿಗೆ ನಾನು ಹೋದರೂ ಒಂದೇ, ಇದ್ದರೂ ಒಂದೇ ಎಂದು ಅಂದು ತೀರ್ಮಾನ ಮಾಡಿದೆ.

ಹೊರಡುವ ದಿನ ಅಪ್ಪ, ಅವ್ವ ಸಾಮಾನಿನ ಜೊತೆ ಮೊದಲೇ ಕುಷ್ಟಗಿಗೆ ಹೋಗಿದ್ದರು. ನಾನು ಓಣಿಯವರಿಗೆಲ್ಲ ಹೇಳಿ ಬಸ್‌ಸ್ಟ್ಯಾಂಡಿಗೆ ಬಂದೆ. ಅತ್ತೆ ಜೊತೆಗೆ ಬಂದಳು. ಕೈಯಲ್ಲೊಂದು ದೊಡ್ಡ ಗಂಟು. ತಿಂಗಳುಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿ. ಹತ್ತಿರದ ಊರಿಗೆ ಹೋಗುವವರಿಗೆ ಯಾರೂ ಅಷ್ಟು ಬುತ್ತಿ ಕಟ್ಟುವುದಿಲ್ಲ.

ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟೆ. ಅತ್ತೆ ಸೆರಗು ಸರಿಮಾಡಿಕೊಂಡು, ‘ಫಾರ್?’ ಎಂದಳು.

‘ನಿಯರ್ ಅತ್ತಿ,’ ಎಂದೆ. ‘ಇಲ್ಲೇ.’

‘ಈಗ ಕಲ್ತಿ ನೋಡು,’ ಎಂದು ಗಂಟನ್ನು ನನ್ನ ಕೈಗಿಟ್ಟು ತಿರುಗಿ ನೋಡದೆ ಹೋದಳು. ಹೋಗುವ ಬಸ್ಸನ್ನು ಕಣ್ಮರೆಯಾಗುವ ತನಕ ನೋಡಬಾರದು, ಅದೂ ಅವಳ ಕಾಯ್ದೆಯೇ.

ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಬಂದ. ಯಲಬುರ್ಗಾ ಕಡೆಯ ಅವನೇ. ಊರು ಕೇಳದೆ ಕುಷ್ಟಗಿಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟು ನನ್ನ ಹತ್ತಿರವೇ ನಿಂತ.

‘ನಿಮ್ಮತ್ತಿ ಎಂಟು ದಿನದಿಂದ ಬಸ್ ನಿಂತ ಕೂಡಲೇ ಹತ್ತಿ ಬಂದು ಕೇಳ್ತಿದ್ರು ನೋಡ್ರಿ. ವಿಯೆಟ್ನಾಂ ಎಲ್ಲೈತಿ, ಎಷ್ಟು ಬಸ್ ಬದಲಿ ಮಾಡಬೇಕು, ನಮ್ಮ ಹುಡುಗಿಗೆ ಜ್ವರಾ ಬಂದ್ರ ನಾ ಮುಂಜಾನಿ ಹೊಂಟ್ರ ಸಂಜಿಗೆ ಮುಟ್ಟತೀನೇನು ಅಂತ. ಆಕಿಗೆ ಕೇಳಬಾರ್ದು, ಹೊಂಟಾಕಿ ಅದಾಳ, ನೀನ ಹೇಳಪಾ ಅಂತಿದ್ರು.’

‘ನೀವೇನಂದ್ರಿ?’ ಎಂದು ಕೇಳಿದೆ.

‘ಏನನ್ನಬೇಕ್ರಿ? ಇಲ್ಲೇ ಐತ್ರಿ ಯಮ್ಮಾ, ಸಂಜಿಗೆ ಮುಟ್ಟತೀರಿ ಅಂದೆ.’

ಅವನು ಮುಂದಿನ ಸೀಟಿಗೆ ಹೋದ. ನಾನು ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು ಕುಷ್ಟಗಿ ಬರುವ ತನಕ ಅಳುತ್ತ ಕೂತೆ.