ದೊಡ್ಡ ಅಳಿಯ ಆಳಲು ಹೊರಟದ್ದು

ನನ್ನ ಸ್ವಭಾವದ ಬಗ್ಗೆ ನನಗೆ ಮೊನ್ನೆಮೊನ್ನೆಯವರೆಗೂ ಯಾವ ಅನುಮಾನವೂ ಇರಲಿಲ್ಲ. ಹಾವೇರಿಯಲ್ಲಿ ನನ್ನದೊಂದು ಚಷ್ಮಾದ ಅಂಗಡಿ ಇದೆ. ಮನೆಯಲ್ಲಿ ಹೆಂಡತಿ ಗಿರಿಜಾ ಇದ್ದಾಳೆ. ಎರಡೂ ಕಡೆ ನನ್ನ ಮಾತೇ ನಡೆಯುತ್ತದೆ ಎಂದು ತಿಳಿದಿದ್ದೆ. ಹಾಗೆಂದು ಯಾರೂ ಹೇಳಿರಲಿಲ್ಲ ನಿಜ, ಆದರೆ ಇಲ್ಲವೆಂದೂ ಯಾರೂ ಹೇಳಿರಲಿಲ್ಲ.

ಈ ನಂಬಿಕೆಯನ್ನು ಕೆಡಿಸಿದವನು ಗಿರಿಜಾಳ ತಮ್ಮ ಮಂಜುನಾಥ. ಅವನಿಗೆ ಹಾವೇರಿ ಹತ್ತಿರದ ಅಗಡಿ ಎಂಬ ಊರಿನ ಹುಡುಗಿಯೊಬ್ಬಳು ಒಪ್ಪಿಗೆಯಾಗಿದ್ದಳು. ಮದುವೆ ಎಲ್ಲಿ, ಯಾವಾಗ, ಹೇಗೆ ಎಂಬ ಮಾತುಕತೆ ಮಾತ್ರ ಬಾಕಿ. ಅದಕ್ಕೆ ಹುಡುಗಿಯ ಮನೆಗೆ ಯಾರು ಯಾರು ಹೋಗಬೇಕು ಎಂದು ಗೊತ್ತು ಮಾಡಲು ನಮ್ಮ ಮಾವನವರು ರಾಣೆಬೆನ್ನೂರಿನ ತಮ್ಮ ಮನೆಗೆ ಎಲ್ಲರನ್ನೂ ಕರೆಸಿದ್ದರು. ಇಬ್ಬರು ಅಳಿಯಂದಿರಲ್ಲಿ ನಾನು ದೊಡ್ಡವ. ಸಣ್ಣವ ಶಿವಾನಂದ, ಗಿರಿಜಾಳ ತಂಗಿಯ ಗಂಡ.

ಶಿವಾನಂದನ ಬಗ್ಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅವನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಒಮ್ಮೆ ಅವನ ಜೊತೆ ಮಾರುಕಟ್ಟೆಯ ಪ್ರಾಂಗಣಕ್ಕೆ ಹೋಗಿದ್ದೆ. ಮೆಣಸಿನಕಾಯಿ ರಾಶಿಗಳ ನಡುವೆ ನಿಂತು ಅವನು “ಏ” ಎಂದರೆ ಹಮಾಲರು, ದಲಾಲರು, ಸಂಬಂಧವಿಲ್ಲದವರೂ ತಿರುಗಿ ನೋಡುತ್ತಿದ್ದರು. ಆ ಘಾಟಿಗೆ ನಾನು ಸೀನಿ ಸೀನಿ ಕಣ್ಣು ಮೂಗು ಒಂದಾಗಿ ಕಂಬ ಹಿಡಿದು ನಿಂತಿದ್ದೆ. ಅವನು ಒಂದು ಸಲವೂ ಸೀನಲಿಲ್ಲ. ಮೆಣಸಿನಕಾಯಿಗೂ ಅವನೆಂದರೆ ಹೆದರಿಕೆ ಇರಬೇಕು. ಅಂದಿನಿಂದ ಅವನನ್ನು ಕಂಡರೆ ನನಗೆ ಮೂಗಿನಲ್ಲಲ್ಲ, ಹೊಟ್ಟೆಯಲ್ಲಿ ಘಾಟು. ಗಿರಿಜಾಳಂತೂ ಗ್ಯಾಸ್ ಸಿಲಿಂಡರ್ ತಡವಾದರೂ “ಶಿವಾನಂದ ಅವರಿದ್ರ ಒಂದ ಫೋನಿಗೆ ತರಸ್ತಿದ್ರು” ಅನ್ನುತ್ತಾಳೆ.

ಅವತ್ತು ಊಟವಾದ ಮೇಲೆ ಮಂಜುನಾಥ ಮೊಬೈಲಿನಲ್ಲಿ ಏನೋ ಪರೀಕ್ಷೆ ತೆಗೆದುಕೊಂಡು ಕೂತ. ದಿನನಿತ್ಯದ ಸಂದರ್ಭಗಳಲ್ಲಿ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂದು ಕೇಳಿ, ನಿಮ್ಮದು ಆಳುವ ಸ್ವಭಾವವೋ ತಗ್ಗಿ ನಡೆಯುವ ಸ್ವಭಾವವೋ ಎಂದು ಅದು ಹೇಳುತ್ತದಂತೆ. ಮದುವೆಯಾದ ಮೇಲೆ ತಾನು ಆಳುವವನೋ ಆಳೋ ಎಂದು ಮೊದಲೇ ತಿಳಿಯುವ ಆಸೆ ಅವನಿಗೆ. ಆದರೆ ಧೈರ್ಯವಿಲ್ಲ. ಹಾಗಾಗಿ ಮೊದಲು ಭಾವಂದಿರ ಮೇಲೆ ಪ್ರಯೋಗ.

ಹೋಟೆಲಿನಲ್ಲಿ ಕೇಳಿದ್ದು ಬಿಟ್ಟು ಬೇರೆ ತಿಂಡಿ ತಂದಿಟ್ಟರೆ ಏನು ಮಾಡುತ್ತೀರಿ ಎಂಬುದು ಮೊದಲ ಪ್ರಶ್ನೆ. ಹೊಳ್ಳಿ ಕಳಿಸುತ್ತೇನೆ ಎಂದ ಶಿವಾನಂದ. ನಾನು ಯೋಚಿಸುವುದರೊಳಗೆ ಗಿರಿಜಾ, ಇವರು ಅದನ್ನೇ ತಿಂದು ಛಲೋ ಐತಿ ಅಂತಾರೆ ಎಂದು ನನ್ನ ಉತ್ತರ ಕೊಟ್ಟಳು. ಬಸ್ಸಿನಲ್ಲಿ ನಿಮ್ಮ ಸೀಟಿನ ಮೇಲೆ ಬೇರೆಯವರು ಕೂತಿದ್ದರೆ? ಇವರು ನಿಂತೇ ಬರುತ್ತಾರೆ, ಮೇಲೆ ಅವರ ಚೀಲವನ್ನೂ ಹಿಡಿದುಕೊಳ್ಳುತ್ತಾರೆ ಎಂದಳು. ಕ್ಷೌರಿಕ ತಲೆಗೂದಲು ಹೆಚ್ಚು ಕತ್ತರಿಸಿದರೆ, ಟಿವಿಯ ರಿಮೋಟ್ ಯಾರ ಕೈಯಲ್ಲಿರುತ್ತದೆ, ಎಲ್ಲಕ್ಕೂ ನನ್ನ ಪರವಾಗಿ ಅವಳದೇ ಉತ್ತರ. ನಾನು ತಡೆಯಲಿಲ್ಲ. ಅದೂ ಒಂದು ಉತ್ತರವೇ ಆಗಿತ್ತು ಎಂದು ಆಮೇಲೆ ಹೊಳೆಯಿತು.

ಫಲಿತಾಂಶ ಬಂತು. ಶಿವಾನಂದನಿಗೆ ಸಿಂಹದ ಚಿತ್ರ. ನನಗೆ ಕುರಿಮರಿ.

ಎಲ್ಲರೂ ನಕ್ಕರು. ಶಿವಾನಂದ ನಗಲಿಲ್ಲ. “ಇರ್ಲಿ ಬಿಡ್ರಿ ಅಣ್ಣಾರ” ಎಂದು ನನ್ನ ಭುಜ ತಟ್ಟಿದ. ನಕ್ಕವರನ್ನು ಕ್ಷಮಿಸಬಹುದು, ಭುಜ ತಟ್ಟಿದವನನ್ನು ಹೇಗೆ ಕ್ಷಮಿಸುವುದು? ಅಷ್ಟರಲ್ಲಿ ಮಾವನವರು ಮೊಬೈಲನ್ನು ದೂರ ಹಿಡಿದು ಕುರಿಮರಿಯನ್ನು ಬಹಳ ಹೊತ್ತು ನೋಡಿದರು.

“ಹಂಗಾರ ಅಗಡ್ಯಾಗ ಮಾತಾಡೂದು ಶಿವಾನಂದನಽ ಮಾತಾಡ್ಲಿ” ಎಂದರು. “ದೊಡ್ಡ ಅಳಿಯಾರು ಬಂದು ಕುಂತ್ರ ಸಾಕು.”

ಮನೆಯ ದೊಡ್ಡ ಅಳಿಯ ಮಾತಾಡುವುದು ನಡೆದುಬಂದ ರೀತಿ. ಒಂದು ಕುರಿಮರಿಯ ದೆಸೆಯಿಂದ ಅದೂ ಹೋಯಿತು. ಅಂದೇ ಶಪಥ ಮಾಡಿದೆ. ಅಗಡಿಗೆ ಹೋಗುವ ದಿನದೊಳಗೆ ನಾನು ಆಳುವ ಸ್ವಭಾವದವನಾಗಿ ಬಿಡಬೇಕು.

ಮರುದಿನವೇ ಹಾವೇರಿಯ ಹೋಟೆಲಿನಲ್ಲಿ ಅಭ್ಯಾಸ ಶುರು ಮಾಡಿದೆ. ಇಡ್ಲಿ ಹೇಳಿದ್ದೆ, ಸಪ್ಲಾಯರ್ ಉಪ್ಪಿಟ್ಟು ತಂದಿಟ್ಟ. ದೇವರೇ ಅವಕಾಶ ಕಳಿಸಿದ್ದಾನೆಂದು ಎದೆ ಉಬ್ಬಿಸಿ, ಶಿವಾನಂದನ ದನಿಯಲ್ಲಿ, ಇದನ್ನು ಈಗಿಂದೀಗಲೇ ಒಯ್ಯಬೇಕು ಎಂದು ಗುಡುಗಿದೆ. ಇಡೀ ಹೋಟೆಲು ತಿರುಗಿ ನೋಡಿತು. ಅದು ಎದುರಿಗೆ ಕೂತವರ ಉಪ್ಪಿಟ್ಟು, ಇಡಲು ಜಾಗ ಸಾಲದೆ ಈಚೆ ಇಟ್ಟೆ ಎಂದು ಸಪ್ಲಾಯರ್ ಮೆತ್ತಗೆ ಹೇಳಿದ. ನಾನು ಆ ಉಪ್ಪಿಟ್ಟನ್ನು ನನ್ನ ಕೈಯಿಂದಲೇ ಎದುರಿನವರ ಮುಂದೆ ಸರಿಸಿ, ಚಮಚವನ್ನೂ ಒರೆಸಿ ಕೊಟ್ಟೆ.

ಮನೆಯಲ್ಲಿ ಇನ್ನೊಂದು ಪ್ರಯತ್ನ. ಇವತ್ತು ರೊಟ್ಟಿ ಕೂಡದು, ಬರೀ ಅನ್ನ ಸಾರು ಆಗಬೇಕು ಎಂದು ಗಿರಿಜಾಳಿಗೆ ಖಡಾಖಂಡಿತವಾಗಿ ಹೇಳಿದೆ. ಅವಳ ಮುಖ ಅರಳಿತು. ರೊಟ್ಟಿ ಬಡಿಯುವುದು ತಪ್ಪಿತೆಂದು ಪಕ್ಕದ ಮನೆಯವರೊಂದಿಗೆ ಹರಟಲು ಹೋದಳು. ನಾನು ಆಜ್ಞೆ ಮಾಡಿದ್ದೆ, ಅವಳಿಗೆ ರಜೆ ಸಿಕ್ಕಿತು.

ಅಂಗಡಿಯಲ್ಲಿ ಮಾತ್ರ ಗೆದ್ದೆ ಅನ್ನಿಸಿತು. ಗಿರಾಕಿಗಳಿಗೆ ಫ್ರೇಮು ತೋರಿಸುವಾಗ ಇದು ಸರಿಯೋ ಅದು ಸರಿಯೋ ಎಂದು ಕೇಳುತ್ತಲೇ ನನ್ನ ಆಯುಷ್ಯ ಕಳೆದಿದೆ. ಅವತ್ತು ಬಂದ ಸಾಧು ಮನುಷ್ಯನೊಬ್ಬನಿಗೆ ಕೇಳಲೇ ಇಲ್ಲ. ದಪ್ಪನೆಯ ಕರಿ ಫ್ರೇಮು ಮುಖಕ್ಕೇರಿಸಿ, ಇದೇ ನಿಮಗೆ ಎಂದೆ. ಅವನು ಆಯಿತೆಂದು ಹೊರಟೇಹೋದ. ಆಹಾ, ಆಳುವುದು ಎಷ್ಟು ಸುಲಭ ಅನ್ನಿಸಿತು. ಮಾರನೆಯ ದಿನ ಅವನ ಹೆಂಡತಿ ಬಂದು ಆ ಚಷ್ಮಾವನ್ನು ಮೇಜಿನ ಮೇಲೆ ಇಟ್ಟು, ಇದನ್ನು ಆರಿಸಿದವರು ಯಾರು ಎಂದು ಕೇಳಿದಳು. ಅವಳ ಹಿಂದೆ ಅವನೂ ನಿಂತಿದ್ದ.

“ಅವರಽ ಆರಿಸಿದ್ರು ರೀ” ಎಂದೆ ನಾನು.

ಇಷ್ಟಾದರೂ ಶಪಥ ಬಿಡಲಿಲ್ಲ. ಅಗಡಿಗೆ ಹೋಗುವ ದಿನ ಶಿವಾನಂದ ತನ್ನ ಕಾರಿನಲ್ಲಿ ರಾಣೆಬೆನ್ನೂರಿನಿಂದ ಮಾವನವರನ್ನು ಕರೆದುಕೊಂಡು, ಹಾವೇರಿಯಲ್ಲಿ ನಮ್ಮಿಬ್ಬರನ್ನೂ ಹತ್ತಿಸಿಕೊಳ್ಳುವುದಾಗಿ ಹೇಳಿದ್ದ. ಅವನು ಸ್ಟಿಯರಿಂಗ್ ಹಿಡಿದಿರುವಾಗ ನಾನು ಹಿಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿ ಹಿಡಿದು ಕೂರುವುದೇ? ಗಿರಿಜಾ ಬೇಕಾದರೆ ಕಾರಿನಲ್ಲಿ ಬರಲಿ, ನಾನು ನನ್ನ ಸ್ಕೂಟರಿನಲ್ಲಿ ಮೊದಲೇ ಹೋಗುತ್ತೇನೆ ಎಂದೆ. ಮೊದಲು ಹೋದವನದೇ ಅಧಿಕಾರ ಎಂಬುದು ನನ್ನ ಲೆಕ್ಕ.

ಮೊದಲೇ ಹೋದೆ. ಆ ಮನೆಯವರಾರೂ ಅದುವರೆಗೆ ನನ್ನನ್ನು ಕಂಡಿರಲಿಲ್ಲ. ಹುಡುಗಿಯ ಮನೆಯ ಮುಂದಿನ ಕಟ್ಟೆಯ ಮೇಲೆ ಅವಳ ಅಜ್ಜಿ ಒಬ್ಬರೇ ಕೂತಿದ್ದರು. ಮೂಗಿನ ಮೇಲೆ ದಾರ ಕಟ್ಟಿದ ಚಷ್ಮಾ, ಒಂದು ಗಾಜು ಹಣೆಯ ಕಡೆ, ಇನ್ನೊಂದು ಗಲ್ಲದ ಕಡೆ.

“ಯಾರಪಾ ತಮ್ಮಾ?” ಎಂದರು.

ರಾಣೆಬೆನ್ನೂರಿನ ಮನೆತನದ ಹಿರಿಯ ಅಳಿಯ ಎಂದು ಗಂಭೀರವಾಗಿ ಹೇಳಬೇಕೆಂದು ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಉರು ಹೊಡೆದಿದ್ದೆ. ಆದರೆ ಆ ಸೊಟ್ಟ ಚಷ್ಮಾ ನೋಡಿದ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಹಾವೇರ್ಯಾಗ ಚಷ್ಮಾದ ಅಂಗಡಿ ಐತ್ರಿ ನಂದು.”

“ದೇವರ ಕಳಿಸಿದಂಗ ಬಂದಿ” ಎಂದು ಅಜ್ಜಿ ಚಷ್ಮಾ ತೆಗೆದು ನನ್ನ ಕೈಗಿಟ್ಟರು.

ಸಣ್ಣ ಸ್ಕ್ರೂಡ್ರೈವರ್ ಯಾವಾಗಲೂ ನನ್ನ ಜೇಬಿನಲ್ಲಿರುತ್ತದೆ. ಅದೊಂದು ದುರಭ್ಯಾಸ. ಕಟ್ಟೆಯ ಮೇಲೆ ಕೂತು ದಾರ ಬಿಚ್ಚಿ, ಕಿವಿಯ ಕಡ್ಡಿ ನೆಟ್ಟಗೆ ಮಾಡಿ ಕೊಟ್ಟೆ. ಅಜ್ಜಿ ಹಾಕಿಕೊಂಡು ನೋಡಿ ಎದುರು ಮನೆಯವರನ್ನು ಕೂಗಿದರು. ಅವರು ಪಕ್ಕದ ಮನೆಯವರನ್ನು ಕರೆತಂದರು. ಯಾರದೋ ಚಷ್ಮಾದ ಮೂಗಿನ ಗುಂಡಿ ಕಿತ್ತಿತ್ತು, ಯಾರದೋ ಕಡ್ಡಿ ಸಡಿಲ. ಮಾವನವರ ಕಾರು ಬಂದು ನಿಂತಾಗ ನನ್ನ ಸುತ್ತ ಜನ ಮುತ್ತಿದ್ದರು. ಹುಡುಗಿಯ ತಂದೆ ಓಡಿಬಂದು ಎಲ್ಲರನ್ನೂ ಕೈಮುಗಿದು ಒಳಗೆ ಕರೆದೊಯ್ದರು. ಗಿರಿಜಾ ಮಾತ್ರ ನನ್ನ ಕಡೆ ಬಂದು ಕಿವಿಯ ಹತ್ತಿರ ಬಗ್ಗಿದಳು.

“ಇಲ್ಲೇನ ಮಾಡಾಕತ್ತೀರಿ? ಒಳಗ ನಡೀರಿ.”

ಅಲ್ಲಿಗಾದರೂ ನಾನು ಎದ್ದು ಹೋಗಬಹುದಿತ್ತು. ಆದರೆ ಶಪಥ ನೆನಪಾಯಿತು. ಆಳುವ ಸ್ವಭಾವದವರು ಹೆಂಡತಿ ಕರೆದಳೆಂದು ಎದ್ದು ಹೋಗುತ್ತಾರೆಯೇ?

“ಮನಿಯವ್ರು ಬಂದು ಕರೀಲಿ. ಅಲ್ಲೀತನಕ ನಾ ಬರಂಗಿಲ್ಲ.”

“ನೀವು ಯಾರಂತ ಅವರಿಗೆ ಗೊತ್ತಿದ್ರ ಅಲ್ಲೇನು ಕರಿಯೂದು?” ಎಂದಳು. ನಾನು ಇನ್ನೊಂದು ಚಷ್ಮಾದ ಕಡ್ಡಿ ಬಿಗಿಮಾಡತೊಡಗಿದೆ. ಅವಳು ಸಿಟ್ಟಿನಿಂದ ಒಳಗೆ ಹೋಗಿ, ದೊಡ್ಡ ಅಳಿಯ ಆಮೇಲೆ ಬರುತ್ತಾರೆಂದು ಹೇಳಿಬಿಟ್ಟಳು.

ಕಟ್ಟೆಯ ಪಕ್ಕದ ಕಿಟಕಿಯಿಂದ ಒಳಗಿನ ಪಡಸಾಲೆ ಕಾಣುತ್ತಿತ್ತು. ನಡುವೆ ಒಂದು ದೊಡ್ಡ ಕುರ್ಚಿ, ಅದರ ಮೇಲೆ ಹೊಸ ಶಾಲು ಹೊದಿಸಿದ್ದರು. ಶಿವಾನಂದ ಅದರಲ್ಲಿ ಕೂರುತ್ತಾನೆಂದು ಹೊಟ್ಟೆ ಉರಿಸಿಕೊಂಡು ನೋಡಿದೆ. ಅವನು ಕೂರಲಿಲ್ಲ. ಅದು ನಮ್ಮ ಅಣ್ಣನವರ ಜಾಗ ಎಂದು ಹೇಳಿ ಮೂಲೆಯ ಸ್ಟೂಲಿನ ಮೇಲೆ ಕೂತ. ಹಿರಿಯರು ಬರದೆ ಮಾತು ಶುರು ಮಾಡುವುದು ಬೇಡವೆಂದು ಹುಡುಗಿಯ ತಂದೆಯೂ ಹೇಳಿದರು. ನನ್ನ ಎದೆ ಉಬ್ಬಿತು. ಈಗ ಎದ್ದು, ಗಂಟಲು ಸರಿಮಾಡಿಕೊಂಡು, ನಿಧಾನವಾಗಿ ಒಳಗೆ ಹೋಗಬೇಕು. ಎದ್ದೆ.

ಎದ್ದ ರಭಸಕ್ಕೆ ತೊಡೆಯ ಮೇಲಿದ್ದ ಯಾರದೋ ಚಷ್ಮಾದ ಸ್ಕ್ರೂ ಮಣ್ಣಿಗೆ ಬಿತ್ತು. ಸಾಸಿವೆಗಿಂತ ಸಣ್ಣದು. ಚಷ್ಮಾದ ಒಡೆಯ, ಅದಿಲ್ಲದೆ ತನಗೆ ಬಾಗಿಲೂ ಕಾಣುವುದಿಲ್ಲ ಎಂದು ಮುಖ ಸಣ್ಣದು ಮಾಡಿದ. ನಾನು ಮಂಡಿಯೂರಿ, ಆಮೇಲೆ ಅಂಗೈಯೂರಿ, ಕೊನೆಗೆ ಗಲ್ಲವನ್ನೇ ನೆಲಕ್ಕೆ ಹಚ್ಚಿ ಹುಡುಕತೊಡಗಿದೆ. ಇಸ್ತ್ರಿಯ ಬಿಳಿ ಅಂಗಿ ಅಗಡಿಯ ಮಣ್ಣಿನ ಬಣ್ಣಕ್ಕೆ ತಿರುಗಿತು. ಒಳಗೆ ಕಾದು ಕಾದು ಮಾತು ಶುರು ಮಾಡಿದರು. ಮದುವೆ ರಾಣೆಬೆನ್ನೂರಿನಲ್ಲೇ ಎಂದು ಶಿವಾನಂದ ಒಪ್ಪಿಸಿದ್ದು ಕೇಳಿಸಿತು. ಎಲ್ಲರೂ ನಕ್ಕರು, ಸಕ್ಕರೆ ಹಂಚಿದರು. ನನಗೆ ಸ್ಕ್ರೂ ಸಿಕ್ಕಿತು. ಯಾರೋ ಒಬ್ಬರು ಕಟ್ಟೆಯ ಮೇಲೆ ಒಂದು ತಾಟಿನಲ್ಲಿ ಒಗ್ಗರಣೆ ಅವಲಕ್ಕಿ ಇಟ್ಟು ಹೋದರು.

ಹೊರಡುವಾಗ ಅಜ್ಜಿ ಶಿವಾನಂದನ ಕೈ ಹಿಡಿದುಕೊಂಡರು.

“ನಿಮ್ಮ ಮನಿ ತಂಗಿ ಮಾತಾಡ್ಸಿದ್ದು ನೋಡಿ ತಿಳೀತು, ಚಷ್ಮಾದವನ್ನ ನೀವ ಮೊದಲ ಕಳಿಸೀರಂತ, ಭಾಳ ಪುಣ್ಯಾ ಬಂತು ನಿಮಗ. ದೊಡ್ಡ ಅಳಿಯಾರು ಮಾತ್ರ ಬರಲಿಲ್ಲ ನೋಡ್ರಿ. ಅವರಿಗಂತ ಕುರ್ಚಿ ತಗದಿಟ್ಟಿದ್ವಿ.”

ಶಿವಾನಂದ ನನ್ನ ಕಡೆ ನೋಡಿದ. ಬ್ಯಾಡಗಿಯನ್ನೇ ನಡುಗಿಸುವವನು ಅಜ್ಜಿಯ ಕೈಯನ್ನು ಕುಲುಕತೊಡಗಿದ. ಮಾವನವರು ಬಗ್ಗಿ ಚಪ್ಪಲಿ ಹುಡುಕತೊಡಗಿದರು, ಅದು ಕಾಲಲ್ಲೇ ಇತ್ತು. ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಇವತ್ತಿಗೂ ಹೇಳಿಲ್ಲ. ಇಂಥ ಹೊತ್ತಿನಲ್ಲಿ ಯಾರಾದರೂ ಒಬ್ಬರು ಮುಂದೆ ಬಂದು ಪರಿಸ್ಥಿತಿಯನ್ನು ಕೈಗೆ ತೆಗೆದುಕೊಳ್ಳಬೇಕು. ನಾನೇ ಮುಂದೆ ಬಂದೆ.

“ಅವರಿಗೆ ಏನೋ ಜರೂರ ಕೆಲಸ ಬಂತಂತ್ರಿ ಅಜ್ಜಿ” ಎಂದೆ. “ಮದುವಿಗೆ ತಪ್ಪದ ಬರ್ತಾರ.”

“ಬರ್ಲಿ, ಬರ್ಲಿ. ಹಂಥಾ ಹಿರೇರು ಬಂದ್ರನ ಮದುವಿಗೆ ಕಳಾ” ಎಂದರು ಅಜ್ಜಿ.

ಶಿವಾನಂದನ ಮೇಲಿನ ನನ್ನ ಹೊಟ್ಟೆಕಿಚ್ಚು ಆ ಕ್ಷಣಕ್ಕೆ ಪೂರ್ತಿ ಆರಿಹೋಯಿತು. ಅದಷ್ಟೂ ಆ ಬಾರದ ದೊಡ್ಡ ಅಳಿಯನ ಮೇಲೆ ತಿರುಗಿತು. ಅವನಿಗೆ ಶಾಲು, ಕುರ್ಚಿ, ಕಾಯುವ ಜನ. ಏನೂ ಮಾಡದೆ, ಬಾಯಿ ಬಿಡದೆ, ಬಾರದೆಯೇ ಅವನು ಎಲ್ಲರನ್ನೂ ಆಳುತ್ತಿದ್ದ. ನಾನು ಮೈಮೇಲಿನ ಮಣ್ಣು ಕೊಡವುತ್ತ ಸ್ಕೂಟರಿನ ಕಿಕ್ ಹೊಡೆಯುತ್ತಿದ್ದೆ.

ಈಗ ಮದುವೆ ಹತ್ತಿರ ಬಂದಿದೆ. ಅಂಥ ಹಿರಿಯರನ್ನು ಎಲ್ಲಿಂದ ಕರೆತರುತ್ತೀರಿ ಎಂದು ಗಿರಿಜಾ ಕೇಳಿದಾಗಲೆಲ್ಲ ನಾನು, ಅಂಗಡಿಗೆ ಹೊತ್ತಾಯಿತು ಎಂದು ಎದ್ದು ಬಿಡುತ್ತೇನೆ.